ದಾವಣಗೆರೆಯ ನಮ್ಮ ಮನೆಯನ್ನು ನೋಡಲು ಐದು ತಿಂಗಳಿಂದ ಒಬ್ಬರೂ ಬಂದಿಲ್ಲ, ಕಾರಣ ಏನಿರಬಹುದು?

ನಿಟುವಳ್ಳಿ ಮನೆ

ಎಲ್ಲರಿಗೂ ನಮಸ್ಕಾರ. ನಿಟುವಳ್ಳಿಯಲ್ಲಿರುವ ನಮ್ಮ ತಂದೆಯವರ ಮನೆಯನ್ನು ಮಾರಬೇಕೆಂದು ಈ ವರ್ಷದ ಯುಗಾದಿ ಕಳೆದ ಮೇಲೆ ತೀರ್ಮಾನಿಸಿದೆವು. 30x50 ಅಡಿಯ ನಿವೇಶನದಲ್ಲಿ 1994ರಲ್ಲಿ ಕಟ್ಟಿದ 11 ಚದರದ (1,100 ಚದರಡಿ) ಆರ್‌ಸಿಸಿ ಮನೆ ಅದು. ಬೋರ್‌ವೆಲ್, ಸಂಪು, ಪಾಲಿಕೆಯ ನಲ್ಲಿ ನೀರು, ಒಂದು ಕಾರು ನಿಲ್ಲಿಸುವಷ್ಟು ಜಾಗ ಎಲ್ಲವೂ ಇವೆ. ತಂದೆಯವರು 2021ರಲ್ಲಿ ತೀರಿಕೊಂಡರು. ತಾಯಿಯವರು ಎರಡು ವರ್ಷದಿಂದ ಬೆಂಗಳೂರಿನಲ್ಲಿ ನನ್ನೊಂದಿಗಿದ್ದಾರೆ, ಹಾಗಾಗಿ ಮನೆಗೆ ಬೀಗ ಹಾಕಿದೆ. ಬೀಗದ ಕೈಯನ್ನು ಎದುರುಮನೆಯವರ ಬಳಿ ಕೊಟ್ಟಿದ್ದೇವೆ.

ಮೂವರು ಬ್ರೋಕರ್‌ಗಳಿಗೆ ಹೇಳಿದ್ದೇನೆ, ಗೇಟಿಗೆ ಬೋರ್ಡು ಕಟ್ಟಿಸಿದ್ದೇನೆ, ಎರಡು ಜಾಲತಾಣಗಳಲ್ಲಿ ಫೋಟೋ ಸಮೇತ ಹಾಕಿದ್ದೇನೆ. 95 ಲಕ್ಷ ರೂಪಾಯಿ ಕೇಳುತ್ತಿದ್ದೇವೆ. ಮೊದಲ ಎರಡು ತಿಂಗಳಲ್ಲಿ ನಾಲ್ಕು ಜನ ನೋಡಿ ಹೋದರು. ಆಮೇಲೆ ಐದು ತಿಂಗಳಿಂದ ಒಬ್ಬರೂ ಬಂದಿಲ್ಲ. ಬಂದು ನೋಡಿ ಬೇಡವೆಂದಿದ್ದರೆ ಮನೆಯಲ್ಲಿ ಏನೋ ಕೊರತೆಯಿದೆಯೆಂದು ತಿದ್ದಿಕೊಳ್ಳಬಹುದಿತ್ತು. ನೋಡುವುದಕ್ಕೇ ಬಾರದಿದ್ದರೆ ಏನನ್ನು ತಿದ್ದಿಕೊಳ್ಳಬೇಕು? ಊರಿನಲ್ಲಿರುವವರು ದಯವಿಟ್ಟು ತಿಳಿಸಿ.

ಹದಡಿ ರಸ್ತೆ

ದರ ಹೆಚ್ಚಾಯಿತು. ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ.

ನಿಟುವಳ್ಳಿ ಮನೆ

ಹಾಗೆ ಒಂದೇ ಮಾತಿನಲ್ಲಿ ಹೇಳಿದರೆ ಹೇಗೆ ಸರ್? ನಮ್ಮ ಹಿಂದಿನ ಬೀದಿಯಲ್ಲಿ ಇಷ್ಟೇ ಅಳತೆಯ ಮನೆಗೆ ಒಂದು ಕೋಟಿ ಹತ್ತು ಲಕ್ಷ ಹೇಳುತ್ತಿದ್ದಾರೆ. ನಾವು ಅದಕ್ಕಿಂತ 15 ಲಕ್ಷ ಕಡಿಮೆಯನ್ನೇ ಕೇಳುತ್ತಿದ್ದೇವೆ.

ನಿವೃತ್ತ ಇಂಜಿನಿಯರ್

ಆ ಮನೆಯೂ ಮಾರಾಟವಾಗಿಲ್ಲವಲ್ಲ! ಮಾರಾಟವಾಗದ ಮನೆಯ ದರ ಮಾಲೀಕರ ಆಸೆಯನ್ನು ತಿಳಿಸುತ್ತದೆ, ಬೆಲೆಯನ್ನಲ್ಲ. ನಿಮ್ಮ ಬೀದಿಯಲ್ಲಿ ಇತ್ತೀಚೆಗೆ ಯಾವುದಾದರೂ ಖಾಲಿ ನಿವೇಶನ ಕೈಬದಲಾಗಿದೆಯೇ? ಚದರಡಿಗೆ ಎಷ್ಟಕ್ಕೆ ಹೋಯಿತು?

ನಿಟುವಳ್ಳಿ ಮನೆ

ಕಳೆದ ವರ್ಷ ನಾಲ್ಕು ಮನೆಯಾಚೆ ಒಂದು ನಿವೇಶನ 4,200ರಂತೆ ಹೋಯಿತೆಂದು ಕೊಂಡವರೇ ಹೇಳಿದರು.

ನಿವೃತ್ತ ಇಂಜಿನಿಯರ್

ಹಾಗಾದರೆ ನೀವೇ ಲೆಕ್ಕ ಹಾಕಿ ನೋಡಿ. 1,500 ಚದರಡಿಗೆ 4,200ರಂತೆ ನಿವೇಶನದ ಬೆಲೆ 63 ಲಕ್ಷ. ಈಗ ಹೊಸದಾಗಿ ಸಾಧಾರಣ ಮನೆ ಕಟ್ಟಿಸಲು ಚದರಕ್ಕೆ ಎರಡು ಲಕ್ಷ ಹಿಡಿದರೂ ನಿಮ್ಮ 11 ಚದರಕ್ಕೆ 22 ಲಕ್ಷ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಅದರಲ್ಲಿ ಅರ್ಧ ಹಿಡಿಯುವುದೇ ಹೆಚ್ಚು. ಅಂದರೆ 11 ಲಕ್ಷ. ಎರಡೂ ಸೇರಿದರೆ 74 ಲಕ್ಷ. ಬೋರ್‌ವೆಲ್, ಸಂಪು, ಕಾಂಪೌಂಡು ಎಂದು ಇನ್ನೂ ಮೂರು ನಾಲ್ಕು ಲಕ್ಷ ಸೇರಿಸಿಕೊಳ್ಳಿ. ಅದಕ್ಕಿಂತ ಮೇಲಿನ ಮೊತ್ತಕ್ಕೆ ನಿಮ್ಮ ಬಳಿ ಉತ್ತರವಿರಬೇಕು. ನಿಮ್ಮ ತಂದೆಯವರು ಸ್ವತಃ ನಿಂತು ನೀರು ಹಾಕಿಸಿ ಕಟ್ಟಿಸಿದ ಮನೆಯೆಂಬ ಅಭಿಮಾನ ನನಗೆ ಅರ್ಥವಾಗುತ್ತದೆ, ನಾನೂ ಹಾಗೆಯೇ ಕಟ್ಟಿಸಿದವನು. ಆದರೆ ಕೊಳ್ಳುವವರು ಆ ಅಭಿಮಾನಕ್ಕೆ ಹಣ ಕೊಡುವುದಿಲ್ಲ.

ಬ್ಯಾಂಕ್ ಕೌಂಟರ್

ಇಂಜಿನಿಯರ್ ಸಾಹೇಬರ ಲೆಕ್ಕವನ್ನೇ ಬ್ಯಾಂಕಿನ ಮೌಲ್ಯಮಾಪಕರೂ ಮಾಡುತ್ತಾರೆ. ಜನ ಯಾಕೆ ಬರುವುದಿಲ್ಲವೆಂಬುದು ಅಲ್ಲೇ ತಿಳಿಯುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷ ದಾಟಿ 75 ಲಕ್ಷದವರೆಗಿನ ಗೃಹಸಾಲದಲ್ಲಿ ಆಸ್ತಿಯ ಮೌಲ್ಯದ ಶೇ. 80ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಮೌಲ್ಯ 74 ಲಕ್ಷವೆಂದು ವರದಿ ಬಂದರೆ ಸಾಲ 59 ಲಕ್ಷದ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಮ್ಮ ದರ 95 ಲಕ್ಷವಾದ್ದರಿಂದ ಉಳಿದ 36 ಲಕ್ಷವನ್ನು ಕೊಳ್ಳುವವರು ಕೈಯಿಂದಲೇ ತರಬೇಕು. ಮುದ್ರಾಂಕ ಮತ್ತು ನೋಂದಣಿ ವೆಚ್ಚಕ್ಕೆ ಸಾಲ ಸಿಗುವುದಿಲ್ಲ. ನಮ್ಮ ರಾಜ್ಯದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. ನಗರದಲ್ಲಿ ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಉಪಕರ, ಅಧಿಭಾರ ಎಲ್ಲ ಸೇರಿ ಒಟ್ಟು ಶೇ. 7.6 ಆಗುತ್ತದೆ. 95 ಲಕ್ಷಕ್ಕೆ ಅದೇ ಏಳು ಲಕ್ಷ ದಾಟುತ್ತದೆ. ಒಟ್ಟಿನಲ್ಲಿ 43 ಲಕ್ಷ ಕೈಯಲ್ಲಿಟ್ಟುಕೊಂಡವರು ಮಾತ್ರ ನಿಮ್ಮ ಗೇಟಿನ ಬಳಿ ಬರಬಲ್ಲರು. ಅಷ್ಟು ಹಣವಿರುವವರು ಮೂವತ್ತು ವರ್ಷದ ಮನೆಯನ್ನು ಕೊಳ್ಳದೆ ಶಾಮನೂರು ಕಡೆ ನಿವೇಶನ ತೆಗೆದುಕೊಂಡು ಹೊಸದಾಗಿ ಕಟ್ಟಿಸಲು ಯೋಚಿಸುತ್ತಾರೆ.

ಇದೇ ಮನೆಗೆ 78 ಲಕ್ಷ ಹೇಳಿದ್ದರೆ ಕೈಯಿಂದ ಬೇಕಾಗುವುದು ಸುಮಾರು 25 ಲಕ್ಷ. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿರುವ ಕುಟುಂಬಕ್ಕೆ ಅದು ಎಟುಕುತ್ತದೆ.

ಮಂಡಿಪೇಟೆ

ದರದ ಬಗ್ಗೆ ಇಷ್ಟು ಮಾತು ಸಾಕು. ನಮ್ಮ ಊರಿನಲ್ಲಿ ಹೇಳಿದ ದರಕ್ಕೆ ಯಾರು ಕೊಳ್ಳುತ್ತಾರೆ? 95 ಎಂದರೆ 75ಕ್ಕೆ ಕೇಳುವವರಾದರೂ ಬರಬೇಕಿತ್ತು. ಚೌಕಾಸಿ ಮಾಡುವುದಕ್ಕೂ ಬರುತ್ತಿಲ್ಲವೆಂದರೆ ಬೇರೆ ಏನೋ ಇದೆ.

ಮನೆ ಹುಡುಕುತ್ತಿರುವ ಶಿಕ್ಷಕಿ

ಮಂಡಿಪೇಟೆಯವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ವರ್ಷದಿಂದ ಇದೇ ಊರಿನಲ್ಲಿ ಮನೆ ಹುಡುಕುತ್ತಿರುವವಳಾಗಿ ಹೇಳುತ್ತೇನೆ. ನಮ್ಮ ಮಿತಿ 80 ಲಕ್ಷ. ಜಾಲತಾಣದಲ್ಲಿ 80 ಲಕ್ಷದೊಳಗೆ ಎಂದು ಹಾಕಿಯೇ ಹುಡುಕುತ್ತೇನೆ, ಹಾಗಾಗಿ 95 ಲಕ್ಷದ ಮನೆ ನನ್ನ ಕಣ್ಣಿಗೇ ಬೀಳುವುದಿಲ್ಲ. ಬಿದ್ದರೂ, ಒಬ್ಬರ ಮನೆಯೊಳಗೆ ಹೋಗಿ, ಅವರು ಕೊಟ್ಟ ಕಾಫಿ ಕುಡಿದು, 20 ಲಕ್ಷ ಕಡಿಮೆ ಮಾಡಿ ಎಂದು ಕೇಳಲು ನನಗಂತೂ ಬಾಯಿ ಬರುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಜೂನ್‌ನಲ್ಲಿ ವಿದ್ಯಾನಗರ ಕಡೆಯ ಒಂದು ಮನೆಯ ಬಗ್ಗೆ ಇಬ್ಬರು ಬ್ರೋಕರ್‌ಗಳನ್ನು ವಿಚಾರಿಸಿದೆ. ಒಬ್ಬರು 82 ಎಂದರು, ಇನ್ನೊಬ್ಬರು 90 ಎಂದರು. ಒಂದೇ ಮನೆಗೆ ಎರಡು ದರ ಕೇಳಿದ ಕೂಡಲೇ ನಮ್ಮ ಯಜಮಾನರು ಆ ಮನೆಯ ಸಹವಾಸವೇ ಬೇಡವೆಂದರು. ಅದೂ ಅಲ್ಲದೆ, ಬ್ಯಾಂಕ್ ಸಾಲದಲ್ಲಿ ಕೊಳ್ಳುತ್ತೇವೆ ಎಂದಾಗ ಎರಡನೆಯ ಬ್ರೋಕರ್ "50 ಚೆಕ್ಕಿನಲ್ಲಿ ಕೊಡಿ, ಉಳಿದದ್ದು ಕ್ಯಾಷ್ ಆಗಬೇಕು" ಎಂದರು. ಸಂಬಳದ ಮೇಲೆ ಬದುಕುವ ನಾವು 40 ಲಕ್ಷ ನಗದು ಎಲ್ಲಿಂದ ತರುವುದು? ಆ ಮನೆಯ ಮಾಲೀಕರಿಗೆ ಈ ಮಾತು ನಡೆದಿದೆಯೆಂದು ಗೊತ್ತಿತ್ತೋ ಇಲ್ಲವೋ. ನಿಮ್ಮ ಮೂವರು ಬ್ರೋಕರ್‌ಗಳು ನಿಮ್ಮ ಮನೆಯ ಬಗ್ಗೆ ಏನು ಹೇಳುತ್ತಿದ್ದಾರೆಂದು ಒಮ್ಮೆ ವಿಚಾರಿಸಿ.

ನಿಟುವಳ್ಳಿ ಮನೆ

ಮೇಡಂ, ನಿಮ್ಮ ಮಾತು ಓದಿದ ಮೇಲೆ ನನ್ನ ಸ್ನೇಹಿತನೊಬ್ಬನಿಂದ, ಕೊಳ್ಳುವವನಂತೆ, ಮೂವರಿಗೂ ಫೋನ್ ಮಾಡಿಸಿದೆ. ಮೊದಲನೆಯವರು 95 ಎಂದರು. ಎರಡನೆಯವರು 98, ಮೂರನೆಯವರು ಒಂದು ಕೋಟಿ ಐದು ಲಕ್ಷ ಎಂದರು. ಮೂರನೆಯವರು 35 ಲಕ್ಷ ನಗದಿನಲ್ಲಿ ಆಗಬೇಕೆಂದೂ ಹೇಳಿದರು. ನಾನು ನಗದಿನ ಮಾತನ್ನೇ ಆಡಿದವನಲ್ಲ. ನಮ್ಮ ಮನೆಯ ಬಗ್ಗೆ ಊರಿನಲ್ಲಿ ಇಂಥ ಮಾತು ಹರಡಿರುವುದು ತಿಳಿದು ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಬ್ಯಾಂಕ್ ಕೌಂಟರ್

ಮೊದಲು ಆ ನಗದಿನ ಮಾತನ್ನು ನಿಲ್ಲಿಸಿ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ತೆರಿಗೆಯ ಭಯದಿಂದ ನಗದು ಕೇಳುವವರೂ ಇದ್ದಾರೆ, ಆದರೆ ನಿಮಗೆ ಅಷ್ಟು ಭಯ ಬೇಕಿಲ್ಲ. 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಆಸ್ತಿಯಾದ್ದರಿಂದ ಆ ದಿನದ ಮಾರುಕಟ್ಟೆ ಮೌಲ್ಯವನ್ನೇ ಮೂಲ ಬೆಲೆಯೆಂದು ತೆಗೆದುಕೊಳ್ಳಲು ಅವಕಾಶವಿದೆ. ಬಂದ ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ವಿನಾಯಿತಿಯೂ ಇದೆ. ಒಬ್ಬ ಲೆಕ್ಕಪರಿಶೋಧಕರ ಬಳಿ ಅರ್ಧ ಗಂಟೆ ಕುಳಿತರೆ ತಿಳಿಯುತ್ತದೆ.

ಆಂಜನೇಯ ಬಡಾವಣೆ

ಜಾಹೀರಾತಿನಲ್ಲಿ ದಿಕ್ಕು ಬರೆದಿದ್ದೀರಾ? ತಲೆಬಾಗಿಲು ಯಾವ ಕಡೆಗಿದೆ?

ನಿಟುವಳ್ಳಿ ಮನೆ

ದಕ್ಷಿಣಕ್ಕಿದೆ. ಬರೆದರೆ ಯಾರೂ ಬರುವುದಿಲ್ಲವೆಂದು ಬ್ರೋಕರ್ ಹೇಳಿದ್ದರಿಂದ ಬರೆದಿಲ್ಲ.

ಆಂಜನೇಯ ಬಡಾವಣೆ

ಕಾರಣ ಸಿಕ್ಕಿತಲ್ಲ! ಪೂರ್ವ ಅಥವಾ ಉತ್ತರದ ಬಾಗಿಲಿದ್ದರೆ ಮಾರುವವರು ಮೊದಲ ಸಾಲಿನಲ್ಲೇ ಬರೆಯುತ್ತಾರೆ. ದಿಕ್ಕು ಬರೆಯದ ಮನೆಯೆಂದರೆ ದಕ್ಷಿಣವೆಂದೇ ಊರಿನವರೆಲ್ಲ ತಿಳಿಯುತ್ತಾರೆ. ಪೂರ್ವದ ಪಕ್ಕದಲ್ಲಿ ಓಣಿ ಬಿಟ್ಟಿದ್ದರೆ ಅಲ್ಲಿ ಬಾಗಿಲು ಒಡೆಸಿ ಕೂರಿಸಿ, ಒಂದು ತಿಂಗಳಲ್ಲಿ ಮಾರಾಟವಾಗುತ್ತದೆ.

ನಿವೃತ್ತ ಇಂಜಿನಿಯರ್

ದಯವಿಟ್ಟು ಯಾವ ಗೋಡೆಯನ್ನೂ ಒಡೆಸಬೇಡಿ. ಮೂವತ್ತು ವರ್ಷದ ಗೋಡೆಯಲ್ಲಿ ಹೊಸದಾಗಿ ಬಾಗಿಲು ತೆಗೆದು, ಮೇಲೆ ಲಿಂಟಲ್ ಕೂರಿಸಿ, ಗಿಲಾವು ಮಾಡಿಸಿದರೂ ಆ ಗುರುತು ಹಾಗೇ ಕಾಣುತ್ತದೆ. ನೋಡಲು ಬಂದವರು ಬಿರುಕು ಮುಚ್ಚಿದ್ದಾರೆಂದು ಅನುಮಾನ ಪಡುತ್ತಾರೆ. ಮೂರಡಿ ಓಣಿಯಿಂದ ಮಂಚ, ಬೀರು ಒಳಗೆ ಹೋಗುವುದಾದರೂ ಹೇಗೆ?

ಆಂಜನೇಯ ಬಡಾವಣೆ

ನಿಮಗೆ ನಂಬಿಕೆಯಿಲ್ಲದಿರಬಹುದು ಸರ್. ಆದರೆ ನಂಬುವವರ ಸಂಖ್ಯೆಯೇ ಹೆಚ್ಚಿರುವ ಊರಿನಲ್ಲಿ ಮಾರುವವರು ನಂಬಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ನಮ್ಮ ಅಕ್ಕನವರ ಮನೆ ದಕ್ಷಿಣದ ಬಾಗಿಲೆಂಬ ಒಂದೇ ಕಾರಣಕ್ಕೆ ಮೂರು ವರ್ಷ ಹಾಗೇ ಉಳಿಯಿತು.

ಕೋಟೆ ಊರಿನವ

ಚಿತ್ರದುರ್ಗದಲ್ಲಿ ನಮ್ಮ ಚಿಕ್ಕಪ್ಪನವರ ಮನೆಯೂ ದಕ್ಷಿಣಾಭಿಮುಖವೇ. ಅವರು ಬೋರ್ಡಿನಲ್ಲೇ "ದಕ್ಷಿಣ ಬಾಗಿಲಿನ ಮನೆ ಮಾರಾಟಕ್ಕಿದೆ" ಎಂದು ದೊಡ್ಡದಾಗಿ ಬರೆಸಿದರು. ಹೆಚ್ಚು ಜನ ಬರಲಿಲ್ಲ, ನಿಜ. ಆದರೆ ಬಂದ ಏಳೆಂಟು ಜನರಲ್ಲಿ ಯಾರೂ ಬಾಗಿಲ ಬಳಿ ನಿಂತು ದಿಕ್ಸೂಚಿ ನೋಡಿ ಹಿಂತಿರುಗಲಿಲ್ಲ. ಕೆಲವರ ಹೆಸರಿನ ಬಲಕ್ಕೆ ದಕ್ಷಿಣವೇ ಆಗಿಬರುತ್ತದೆಂದು ಅವರ ಜೋಯಿಸರೇ ಹೇಳಿರುತ್ತಾರೆ. ವಾಸ್ತು ನೋಡದವರು ಇದ್ದಾರೆ, ಕ್ಲಿನಿಕ್ಕಿಗೆಂದು ಹುಡುಕುವವರೂ ಇದ್ದಾರೆ. ಮುಚ್ಚಿಟ್ಟರೆ ಅವರೂ ಬರುವುದಿಲ್ಲ. ನಿಮ್ಮ ಮೊದಲ ನಾಲ್ಕು ಜನ ಬಾಗಿಲು ನೋಡಿಯೇ ಹಿಂತಿರುಗಿರಬಹುದು.

ಪತ್ರಬರಹಗಾರ

ಎಲ್ಲರೂ ಬಾಗಿಲಿನ ಬಳಿಯೇ ನಿಂತಿದ್ದೀರಿ. ತಂದೆಯವರು 2021ರಲ್ಲಿ ತೀರಿಕೊಂಡರೆಂದು ಬರೆದಿದ್ದಾರೆ, ಖಾತೆ ಯಾರ ಹೆಸರಿನಲ್ಲಿದೆಯೆಂದು ಒಬ್ಬರೂ ಕೇಳಲಿಲ್ಲ. ಖಾತೆ ಬದಲಾವಣೆಯಾಗಿದೆಯೇ? ಇ-ಖಾತಾ, ಅಂದರೆ ಪಾಲಿಕೆಯ ಗಣಕೀಕೃತ ಖಾತೆ, ಆಗಿದೆಯೇ?

ನಿಟುವಳ್ಳಿ ಮನೆ

ಇನ್ನೂ ತಂದೆಯವರ ಹೆಸರಿನಲ್ಲೇ ಇದೆ. ಕಂದಾಯ ಮಾತ್ರ ಪ್ರತಿ ವರ್ಷ ತಪ್ಪದೆ ಕಟ್ಟಿದ್ದೇನೆ. ಕೊಳ್ಳುವವರು ಸಿಕ್ಕ ಮೇಲೆ ಎಲ್ಲವನ್ನೂ ಒಟ್ಟಿಗೆ ಮಾಡಿಸಿದರಾಯಿತೆಂದುಕೊಂಡಿದ್ದೆ.

ಪತ್ರಬರಹಗಾರ

ಮೊದಲು ಹಾಗೆ ನಡೆಯುತ್ತಿತ್ತು, ಈಗ ನಡೆಯುವುದಿಲ್ಲ. ಇ-ಖಾತಾ ಇಲ್ಲದೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗುವುದಿಲ್ಲ. ಈಚೆಗೆ ಕೊಳ್ಳುವವರು ಮನೆ ನೋಡುವ ಮೊದಲೇ ಬ್ರೋಕರ್‌ಗೆ ವಾಟ್ಸಾಪ್‌ನಲ್ಲಿ ಇ-ಖಾತಾದ ಪ್ರತಿ ಕಳುಹಿಸಿ ಎನ್ನುತ್ತಾರೆ. ಇಲ್ಲವೆಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅದರ ಸುದ್ದಿ ನಿಮ್ಮವರೆಗೆ ಬರುವುದೂ ಇಲ್ಲ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಮೂಲ ಕ್ರಯಪತ್ರ, ಕಂದಾಯದ ರಸೀದಿ, ಋಣಭಾರ ಪ್ರಮಾಣಪತ್ರ, ವಾರಸುದಾರರೆಲ್ಲರ ಆಧಾರ್ ಇವನ್ನೆಲ್ಲ ಜೋಡಿಸಿ ಪಾಲಿಕೆಗೆ ಈ ವಾರವೇ ಅರ್ಜಿ ಕೊಡಿ. ನೀವು ಒಡಹುಟ್ಟಿದವರು ಎಷ್ಟು ಜನ?

ನಿಟುವಳ್ಳಿ ಮನೆ

ನಾನು, ತಮ್ಮ, ಅಕ್ಕ. ಅಕ್ಕನನ್ನು ಚಿತ್ರದುರ್ಗಕ್ಕೆ ಕೊಟ್ಟಿದೆ.

ಮಂಡಿಪೇಟೆ

ಅಕ್ಕನವರ ಸಹಿ ಬೇಕೇ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆಯೆಂದು ಹೇಳಿದೆ.

ಪತ್ರಬರಹಗಾರ

ಸಹಿ ಬೇಕೆಂಬುದು ಸರಿ, ಕಾರಣ ಅದಲ್ಲ. 2005ರ ತಿದ್ದುಪಡಿಯೂ 2020ರ ತೀರ್ಪೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಗೆ ಸಂಬಂಧಿಸಿದವು. ಈ ಮನೆ ತಂದೆಯವರ ಸ್ವಯಾರ್ಜಿತವೆಂದು ಕಾಣುತ್ತದೆ. ಉಯಿಲು ಬರೆಯದೆ ತೀರಿಕೊಂಡಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನ ಪ್ರಕಾರವೇ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಪಾಲು ಪಡೆಯುತ್ತಾರೆ. ತಾಯಿಯವರನ್ನೂ ಸೇರಿಸಿ ನಾಲ್ಕು ಪಾಲು. ನಾಲ್ವರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಒಬ್ಬರು ಇನ್ನೊಬ್ಬರಿಗೆ ತಮ್ಮ ಪಾಲನ್ನು ಬಿಟ್ಟುಕೊಡುವ ನೋಂದಾಯಿತ ಹಕ್ಕು ಖುಲಾಸೆ ಪತ್ರ ಬರೆದುಕೊಡಬೇಕು. ಅಕ್ಕನವರೊಂದಿಗೆ ಮಾತನಾಡಿದ್ದೀರಾ?

ನಿಟುವಳ್ಳಿ ಮನೆ

ಮಾರುವ ವಿಷಯ ಅವಳಿಗೆ ಗೊತ್ತು. ಸಹಿಯ ವಿಷಯವನ್ನು ಪ್ರತ್ಯೇಕವಾಗಿ ಮಾತನಾಡಿಲ್ಲ. ಅವಳು ಬೇಡವೆನ್ನುವವಳಲ್ಲ.

ಪಿ.ಜೆ. ಬಡಾವಣೆಯಾಕೆ

ಬೇಡವೆನ್ನುವವಳಲ್ಲ ಎಂದು ನೀವು ಹೇಳಿದರೆ ಸಾಲದು, ಅವರ ಬಾಯಿಂದ ಕೇಳಿ. ನನ್ನ ತವರುಮನೆಯನ್ನು ಮಾರುವಾಗ ನನ್ನ ಅಣ್ಣಂದಿರು ಅಡ್ವಾನ್ಸ್ ತೆಗೆದುಕೊಂಡ ಮೇಲೆ ನನಗೆ ಫೋನ್ ಮಾಡಿ, "ಗುರುವಾರ ಸಹಿ ಹಾಕಲು ಬಾ" ಎಂದರು. ಹಣದ ಮೇಲೆ ನನಗೆ ಆಸೆಯಿರಲಿಲ್ಲ. ನಾನು ಮೈನೆರೆದಾಗ ಕೂರಿಸಿದ ಕೋಣೆ, ನನ್ನ ಮದುವೆಯ ಚಪ್ಪರದ ಗುಳಿ ಹಾಗೇ ಉಳಿದಿದ್ದ ಅಂಗಳ ಅದು. ಮಾರುವ ಮುನ್ನ ಒಂದು ಮಾತು ಕೇಳಬಹುದಿತ್ತು ಎಂಬ ನೋವು ಹನ್ನೆರಡು ವರ್ಷವಾದರೂ ಹೋಗಿಲ್ಲ. ಸಹಿ ಹಾಕಿದೆ, ಆದರೆ ನಾಲ್ಕು ತಿಂಗಳು ತಡಮಾಡಿ ಹಾಕಿದೆ. ಆ ನಾಲ್ಕು ತಿಂಗಳಲ್ಲಿ ಬೀದಿಯವರೆಲ್ಲ ಮನೆಯಲ್ಲಿ ವ್ಯಾಜ್ಯವಿದೆಯೆಂದು ಮಾತನಾಡಿಕೊಂಡರು.

ಚನ್ನಗಿರಿ ತೋಟ

ಕಾಲದ ವಿಷಯವನ್ನು ಯಾರೂ ಹೇಳಲಿಲ್ಲ. ನೀವು ಯುಗಾದಿ ಕಳೆದು ಮಾರಾಟಕ್ಕಿಟ್ಟಿರಿ. ಶಾಲೆ ಶುರುವಾಗುವ ಮೊದಲು ಊರಿಗೆ ಬಂದು ನೆಲೆಸಬೇಕೆನ್ನುವವರು ಅಷ್ಟರಲ್ಲಿ ಮನೆ ಗೊತ್ತುಮಾಡಿಕೊಂಡಿರುತ್ತಾರೆ. ಆಮೇಲೆ ಆಷಾಢ ಬಂತು, ಪಿತೃಪಕ್ಷ ಬಂತು. ಆ ದಿನಗಳಲ್ಲಿ ನಮ್ಮ ಕಡೆಯವರು ಮನೆ ನೋಡಲು ಹೊರಡುವುದಿಲ್ಲ. ಈಗ ಕಾರ್ತಿಕ ನಡೆದಿದೆ. ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಬಂದರೆ ಸಂಕ್ರಾಂತಿಯವರೆಗೆ ಮತ್ತೆ ನಿಲ್ಲುತ್ತದೆ. ದಾವಣಗೆರೆಯಲ್ಲಿ ಮನೆ ಕೊಳ್ಳುವವರಲ್ಲಿ ನಮ್ಮಂಥ ಅಡಿಕೆ ಬೆಳೆಗಾರರೂ ಇದ್ದಾರೆ. ಕೊಯ್ಲು ಮುಗಿದು, ಬೇಯಿಸಿ ಒಣಗಿಸಿ, ರಾಶಿ ಮಾರಿದ ಹಣ ಕೈಗೆ ಬರುವುದು ಸಂಕ್ರಾಂತಿಯ ಆಚೀಚೆ. ಮಕ್ಕಳ ಕಾಲೇಜಿಗೆಂದು ಮನೆ ಮಾಡುವ ಯೋಚನೆ ನಮಗೆ ಬರುವುದೂ ಆಗಲೇ. ಸಂಕ್ರಾಂತಿಯಿಂದ ಯುಗಾದಿಯವರೆಗಿನ ಎರಡು ತಿಂಗಳನ್ನು ಕಳೆದುಕೊಳ್ಳಬೇಡಿ. 2026ರಲ್ಲಿ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಅಧಿಕ ಜ್ಯೇಷ್ಠ ಬೇರೆ ಇದೆ.

ಹದಡಿ ರಸ್ತೆ

ಮುಹೂರ್ತ ಎಷ್ಟು ಒಳ್ಳೆಯದಿದ್ದರೂ 95 ಲಕ್ಷ 95 ಲಕ್ಷವೇ.

ಶಾಮನೂರು ರಸ್ತೆ

ನನ್ನ ಕೆಲಸ ಮುಗಿಸಿ ಬರುವ ದಾರಿಯಲ್ಲೇ ನಿಮ್ಮ ಮನೆಯಿದೆ. ನೀವು ಪ್ರತ್ಯೇಕವಾಗಿ ಕಳುಹಿಸಿದ ವಿಳಾಸ ಹಿಡಿದು ನಿನ್ನೆ ಸಂಜೆ ಹೋಗಿ ನೋಡಿ ಬಂದೆ. ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪಕ್ಕದಲ್ಲಿ ಹೊಸ ಮನೆ ಕಟ್ಟುತ್ತಿದ್ದಾರೆ. ಅವರ ಎಂ-ಸ್ಯಾಂಡ್ ರಾಶಿ ನಿಮ್ಮ ಗೇಟಿನ ಅರ್ಧದವರೆಗೆ ಬಂದಿದೆ, ಅದರ ಮೇಲೆ ಎರಡು ನಾಯಿ ಮಲಗಿದ್ದವು. ನಿಮ್ಮ ಬೋರ್ಡು ತಗಡಿನದು. ಕಟ್ಟಿದ ಕಬ್ಬಿಣದ ತಂತಿಯ ತುಕ್ಕು ಈ ಮಳೆಗಾಲದಲ್ಲಿ ಕರಗಿ ಕೆಳಗಿಳಿದು, ಫೋನ್ ನಂಬರಿನ ಒಂದು 3ರ ಎಡಗಡೆ ಕಂದು ಗೆರೆಯಾಗಿ ನಿಂತಿದೆ. ದೂರದಿಂದ ನೋಡಿದವರಿಗೆ ಅದು 8 ಎಂದೇ ಕಾಣುತ್ತದೆ. ನಾನು ಓದಿದ ಹಾಗೆಯೇ ಆ ನಂಬರಿಗೆ ಫೋನ್ ಮಾಡಿದೆ. ಹರಿಹರದ ಒಬ್ಬ ತಾಯಿ ಎತ್ತಿಕೊಂಡರು. "ಮನೆ ಮಾರೋದು ನಾವಲ್ಲಪ್ಪ, ಜುಲೈಯಿಂದ ಇಂಥ ಫೋನು ಎಷ್ಟು ಬಂದಾವೋ, ಎಲ್ಲರಿಗೂ ಹೇಳಿ ಹೇಳಿ ಸಾಕಾಗೇತಿ" ಎಂದರು.

ಆಮೇಲೆ ಬೀಗದ ಕೈ ಕೇಳಲು ಎದುರುಮನೆಗೆ ಹೋದೆ. ಅಲ್ಲಿನ ಹಿರಿಯರು ಒಳ್ಳೆಯವರು, ಕೂರಿಸಿ ನೀರು ಕೊಟ್ಟರು. ಆದರೆ ನಾನು ಕೇಳದೆಯೇ, "ಖಾತೆ ಇನ್ನೂ ಹಳೇ ಯಜಮಾನರ ಹೆಸರಲ್ಲೇ ಐತಂತೆ, ಮಗಳ ಸಹಿ ಆಗಬೇಕಂತೆ, ನೋಡಿಕೊಂಡು ಮುಂದುವರಿಯಿರಿ" ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಬಂದವರಿಗೆ ಮೋಸವಾಗಬಾರದೆಂಬ ಕಾಳಜಿಯಿಂದಲೇ ಹೇಳಿದರು. ಮೊದಲು ಬಂದ ನಾಲ್ವರಿಗೂ ಹೀಗೆಯೇ ಹೇಳಿರಬಹುದು. ಒಳಗೆ ಹೋದಾಗ ಕತ್ತಲಾಗಿತ್ತು, ಕರೆಂಟು ಇರಲಿಲ್ಲ. ಮೊಬೈಲ್ ಬೆಳಕಿನಲ್ಲಿ ನಡುಮನೆಯ ಗೋಡೆಯ ಮೇಲೆ 2023ರ ಕ್ಯಾಲೆಂಡರ್ ಕಂಡಿತು, ನವೆಂಬರ್ ಪುಟ ತಿರುವಿದ ಹಾಗೆಯೇ ಇತ್ತು. ಮನೆ ಮಾತ್ರ ಗಟ್ಟಿಯಾಗಿದೆ, ಮೇಲ್ಛಾವಣಿಯಲ್ಲಿ ಎಲ್ಲಿಯೂ ತೇವದ ಗುರುತಿಲ್ಲ. ನಿಮ್ಮ ಜಾಲತಾಣದ ಫೋಟೋಗಳಲ್ಲಿ ಮುಚ್ಚಿದ ಗೇಟು ಮತ್ತು ಕತ್ತಲೆ ಕೋಣೆಗಳನ್ನು ಬಿಟ್ಟು ಏನೂ ಕಾಣುವುದಿಲ್ಲ.

ಮಂಡಿಪೇಟೆ

ಬೇರೆ ಏನೋ ಇದೆಯೆಂದು ನಾನು ಹೇಳಿರಲಿಲ್ಲವೇ? ಜನ ಫೋನ್ ಮಾಡಿದ್ದಾರೆ, ಅದು ಇವರಿಗೆ ತಲುಪಿಲ್ಲ!

ಬ್ಯಾಂಕ್ ಕೌಂಟರ್

ಬೋರ್ಡು ನೋಡಿ ಫೋನ್ ಮಾಡಿದವರಿಗೆ ಆ ಮಾತು ಸರಿ. ಆದರೆ ಜಾಲತಾಣದಲ್ಲಿ ನಂಬರು ಸರಿಯಾಗಿಯೇ ಇತ್ತಲ್ಲವೇ? ಅಲ್ಲಿಂದಲೂ ಕರೆ ಬಂದಿಲ್ಲ. ಬೋರ್ಡು ತಿದ್ದಿಸಿ, ದರವನ್ನೂ ಇಳಿಸಿ.

ನಿಟುವಳ್ಳಿ ಮನೆ

ಶಾಮನೂರು ರಸ್ತೆಯವರಿಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ಆ ಕ್ಯಾಲೆಂಡರಿನ ಮಾತನ್ನು ತಾಯಿಯವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತು ಹಾಲಿನ ಲೆಕ್ಕ ಬರೆದಿದ್ದೆ, ಅದನ್ನು ಹರಿಯಬೇಡ" ಎಂದರು.

ಅಕ್ಕನಿಗೆ ರಾತ್ರಿ ಫೋನ್ ಮಾಡಿದೆ. ಸಹಿಯ ಮಾತು ಎತ್ತುವ ಮೊದಲೇ ಅವಳು, "ಏಳು ತಿಂಗಳಿಂದ ಮಾರುತ್ತಿದ್ದೀರಿ, ಎಷ್ಟಕ್ಕೆ ಎಂದಾದರೂ ನನ್ನನ್ನು ಕೇಳಿದಿರಾ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಪಿ.ಜೆ. ಬಡಾವಣೆಯ ಅಕ್ಕನವರು ಬರೆದದ್ದನ್ನು ಅವಳಿಗೂ ಓದಿ ಹೇಳಿದೆ. ಒಂದು ಗಂಟೆ ಮಾತನಾಡಿದೆವು. ಸಹಿಗೆ ಅವಳ ಅಡ್ಡಿಯಿಲ್ಲ. ಪೂಜೆಯ ಕೋಣೆಯ ಮರದ ಮಂಟಪ ತನಗೆ ಬೇಕೆಂದಳು, ಅದು ಅವಳದೇ. ಚಿತ್ರದುರ್ಗದಿಂದ ದಾವಣಗೆರೆ ಸುಮಾರು 60 ಕಿಲೋಮೀಟರ್. ಪ್ರತಿ ಭಾನುವಾರ ಬೆಳಿಗ್ಗೆ ತಾನೇ ಬಂದು ಬಾಗಿಲು ತೆರೆದಿಡುವುದಾಗಿ ಹೇಳಿದ್ದಾಳೆ.

ಪಿ.ಜೆ. ಬಡಾವಣೆಯಾಕೆ

ಬಾಗಿಲು ತೆರೆದಿರುವ ಮನೆಗೆ ಜನ ಬರುತ್ತಾರೆ. ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿ.

ಪತ್ರಬರಹಗಾರ

ಖಾತೆಯ ಅರ್ಜಿ ಕೊಟ್ಟ ಸ್ವೀಕೃತಿ ಬಂದ ಕೂಡಲೇ ಅದರ ಪ್ರತಿ, ವಂಶವೃಕ್ಷ, ಋಣಭಾರ ಪ್ರಮಾಣಪತ್ರ ಮೂರನ್ನೂ ಒಂದು ಫೈಲಿನಲ್ಲಿ ಹಾಕಿ ಅಕ್ಕನವರ ಕೈಯಲ್ಲಿ ಕೊಡಿ. ಬಂದವರು ಕೇಳುವ ಮೊದಲೇ ತೋರಿಸಲಿ. ಎದುರುಮನೆಯ ಹಿರಿಯರಿಗೂ ಒಮ್ಮೆ ತೋರಿಸಿ, ಅವರು ಅದನ್ನೂ ನಾಲ್ಕು ಜನರಿಗೆ ಹೇಳುತ್ತಾರೆ.

ನಿಟುವಳ್ಳಿ ಮನೆ

ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ. ವಂಶವೃಕ್ಷ ಕೈಗೆ ಬಂದಿದೆ, ಖಾತೆ ಬದಲಾವಣೆಗೆ ಪಾಲಿಕೆಯಲ್ಲಿ ಅರ್ಜಿ ಕೊಟ್ಟಾಗಿದೆ. ಮೂವರಲ್ಲಿ ಇಬ್ಬರು ಬ್ರೋಕರ್‌ಗಳಿಗೆ ಇನ್ನು ತೋರಿಸುವುದು ಬೇಡವೆಂದು ಹೇಳಿದೆ. ಉಳಿದವರಿಗೆ ಒಂದೇ ದರ, ಪೂರ್ತಿ ಬ್ಯಾಂಕಿನ ಮೂಲಕ ಎಂದು ಬರೆದೇ ಕೊಟ್ಟಿದ್ದೇನೆ. ಹೊಸ ಬೋರ್ಡಿನಲ್ಲಿ ದಕ್ಷಿಣ ಬಾಗಿಲು ಎಂದು ಬರೆಸಿದೆ. ಪಕ್ಕದವರು ಮರಳು ಸರಿಸಿದ್ದಾರೆ. ದರದ ವಿಷಯದಲ್ಲಿ ತಾಯಿಯವರನ್ನು ಒಪ್ಪಿಸುವುದು ಕಷ್ಟವಾಯಿತು. ಇಂಜಿನಿಯರ್ ಸಾಹೇಬರ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ 79 ಲಕ್ಷಕ್ಕೆ ಒಪ್ಪಿದರು. ಕಳೆದ ಭಾನುವಾರ ಮೂರು ಕುಟುಂಬಗಳು ಬಂದು ನೋಡಿದವು. ಒಬ್ಬರು 70ಕ್ಕೆ ಕೇಳಿದರು. ಇನ್ನಿಬ್ಬರು ಇ-ಖಾತಾ ಬಂದ ಮೇಲೆ ತಿಳಿಸಿ ಎಂದರು.

ಹದಡಿ ರಸ್ತೆ

70ಕ್ಕೆ ಕೊಡಬೇಡಿ. ಸಂಕ್ರಾಂತಿಯವರೆಗೆ ಕಾಯಿರಿ.

ಮನೆ ಹುಡುಕುತ್ತಿರುವ ಶಿಕ್ಷಕಿ

ಸರ್, 79 ಎಂದರೆ ನಮ್ಮ ಹುಡುಕಾಟದೊಳಗೆ ಬರುತ್ತದೆ. ದಕ್ಷಿಣದ ಬಾಗಿಲಿಗೆ ನಮ್ಮ ಅತ್ತೆಯವರ ಆಕ್ಷೇಪಣೆಯಿದೆ, ಅದನ್ನು ಆಮೇಲೆ ನೋಡೋಣ. ಬೋರ್‌ವೆಲ್ ಎಷ್ಟು ಅಡಿ? ಬೇಸಿಗೆಯಲ್ಲಿ ನೀರು ನಿಲ್ಲುತ್ತದೆಯೇ? ಸಂಪು ಎಷ್ಟು ಲೀಟರಿನದು?

ನಿಟುವಳ್ಳಿ ಮನೆ

ಬೋರ್‌ವೆಲ್ 280 ಅಡಿ. ಎರಡು ವರ್ಷದಿಂದ ಮೋಟಾರು ಓಡಿಸಿಲ್ಲ, ಆದ್ದರಿಂದ ಈಗಿನ ನೀರಿನ ಬಗ್ಗೆ ನಾನು ಭರವಸೆ ಕೊಡಲಾರೆ. ಶನಿವಾರ ಎಲೆಕ್ಟ್ರಿಷಿಯನ್ ಕರೆಸಿ ಒಂದು ಗಂಟೆ ಓಡಿಸಿ ನೋಡುತ್ತೇವೆ. ಸಂಪು 6,000 ಲೀಟರಿನದು.

ಮನೆ ಹುಡುಕುತ್ತಿರುವ ಶಿಕ್ಷಕಿ

ಹಾಗಿದ್ದರೆ ಭಾನುವಾರ ಹನ್ನೊಂದು ಗಂಟೆಗೆ ಅತ್ತೆಯವರನ್ನೂ ಕರೆದುಕೊಂಡು ಬರುತ್ತೇವೆ. ಸಂಪಿನ ಮುಚ್ಚಳ ತೆಗೆಸಿಡಲು ಅಕ್ಕನವರಿಗೆ ಹೇಳಿರಿ, ಒಳಗೆ ಇಣುಕಿ ನೋಡಬೇಕು.